ಮೂರು ವರ್ಷ ವಿಪಿಎನ್‌ಗೆ ದುಡ್ಡು ಕಟ್ಟಿದೆ, ಟೊರೆಂಟ್‌ಗೆ ಅದು ಬೇಕಿತ್ತಾ?

ವಿಜಯಪುರದಲ್ಲಿ ನನ್ನದೊಂದು ಸಣ್ಣ ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಹಳೆ ಲ್ಯಾಪ್‌ಟಾಪ್‌ಗಳಿಗೆ ಲಿನಕ್ಸ್ ಮಿಂಟ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿಕೊಡುವುದು ದಿನದ ಕೆಲಸ. ಅದರ ಫೈಲ್ ಇಳಿಸುವುದು ಟೊರೆಂಟ್‌ನಲ್ಲಿ, ಅಂದರೆ ಆ ಫೈಲ್ ಇರುವ ಬೇರೆ ಜನರ ಕಂಪ್ಯೂಟರ್‌ಗಳಿಂದಲೇ ತುಂಡುತುಂಡಾಗಿ. ಅಪ್ಪನಿಗೆ ಇಂಟರ್ನೆಟ್ ಆರ್ಕೈವ್ ಅನ್ನುವ ಆನ್‌ಲೈನ್ ಗ್ರಂಥಾಲಯದಿಂದ ಹಳೆ ಕನ್ನಡ ಪುಸ್ತಕ ಇಳಿಸಿಕೊಡುವುದೂ ಅದರಲ್ಲೇ. ಲೇಖಕರು ತೀರಿಕೊಂಡು 60 ವರ್ಷ ದಾಟಿದ ಪುಸ್ತಕಗಳು, ಹಾಗಾಗಿ ಯಾರ ಹಕ್ಕಿನ ತಕರಾರೂ ಇಲ್ಲ. ಇಷ್ಟಕ್ಕೆ, ನಮ್ಮ ನೆಟ್ ಅನ್ನು ಬೇರೆ ಕಡೆಯ ಸರ್ವರ್ ಮೂಲಕ ಸುತ್ತಿಸಿ ಗುರುತು ಮರೆಮಾಡುವ ವಿಪಿಎನ್ ಯಾಕೆ ಬೇಕಿತ್ತು ಅಂತ ಕೇಳಿದರೆ, ಹೆದರಿಕೆ.

ಜರ್ಮನಿಯಲ್ಲಿ ಓದುತ್ತಿರುವ ಅಕ್ಕನ ಮಗ ಒಂದು ರಾತ್ರಿ ಫೋನ್ ಮಾಡಿದ. "ಮಾಮಾ, ನಮ್ಮ ರೂಮ್‌ಮೇಟ್‌ಗೆ ವಕೀಲರ ಪತ್ರ ಬಂದೈತಿ. ಒಂದು ಸಿನಿಮಾಕ್ಕ ನೂರಾರು ಯೂರೋ ಕೇಳ್ಯಾರ." ಟೊರೆಂಟ್‌ನಲ್ಲಿ ಇಳಿಸುವಾಗಲೇ ನಾವು ಬೇರೆಯವರಿಗೆ ಹಂಚುತ್ತಲೂ ಇರುತ್ತೇವೆ. ನೆಟ್‌ನಲ್ಲಿ ನಮ್ಮ ಲೈನಿನ ಗುರುತಾದ ಐಪಿ ವಿಳಾಸ ಆ ಗುಂಪಿನಲ್ಲಿರುವ ಎಲ್ಲರಿಗೂ ಕಾಣುತ್ತದೆ. ಅಲ್ಲಿ ಅದನ್ನೇ ಹಿಡಿದು ಪತ್ರ ಕಳಿಸುತ್ತಾರೆ. ಮರುದಿನವೇ ನಾನು ಎರಡು ವರ್ಷದ ಪ್ಲಾನ್ ತೊಗೊಂಡೆ. ಆಮೇಲೆ ಇನ್ನೊಂದು ವರ್ಷ ಮುಂದುವರಿಸಿದೆ. ಕಂಪನಿಯ ಹೆಸರು ಬೇಡ ಬಿಡಿ.

ಮೂರು ವರ್ಷದಲ್ಲಿ ನನಗೆ ಒಂದು ಪತ್ರವೂ ಬಂದಿಲ್ಲ. ಅಂಗಡಿಗೆ ಬರುವವರಲ್ಲೂ ಯಾರೂ ಬಂತು ಅಂದದ್ದು ಕೇಳಿಲ್ಲ. ನಮ್ಮಲ್ಲಿ ಕೋರ್ಟಿನ ಆದೇಶ ಬಂದರೆ ಸೈಟ್ ಬಂದ್ ಮಾಡುತ್ತಾರೆ, ಮನೆಮನೆಗೆ ನೋಟಿಸ್ ಕಳಿಸುವುದು ರೂಢಿಯಲ್ಲಿಲ್ಲ. ಹಾಗಂತ ಕಾನೂನೇ ಇಲ್ಲ ಅಂದುಕೊಳ್ಳಬೇಡಿ. ಕೃತಿಸ್ವಾಮ್ಯ ಕಾಯ್ದೆಯ 63ನೇ ಕಲಂನಲ್ಲಿ 6 ತಿಂಗಳಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ ಅಂತಿದೆ. ವಿಪಿಎನ್ ಹಾಕಿಕೊಂಡರೆ ಕದ್ದ ಸಿನಿಮಾ ಸ್ವಂತದ್ದಾಗುವುದಿಲ್ಲ, ಅಲ್ವಾ?

ವೇಗದ ಮಾತು. ನನ್ನದು 100 ಎಂಬಿಪಿಎಸ್ ಲೈನ್. ಅದು ಬಿಟ್ ಲೆಕ್ಕ, ಎಂಟು ಬಿಟ್ ಸೇರಿದರೆ ಒಂದು ಬೈಟ್. ವಿಪಿಎನ್ ಇಲ್ಲದೆ ಸೆಕೆಂಡಿಗೆ 11 ಎಂಬಿ ಬರುತ್ತದೆ, ಸಿಂಗಾಪುರದ ಸರ್ವರ್ ಹಾಕಿದರೆ ಏಳರ ಆಸುಪಾಸು. ಭಾರತದ ಸರ್ವರ್ ಪಟ್ಟಿಯಲ್ಲೇ ಇಲ್ಲ. 2022ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್, ಗ್ರಾಹಕರ ವಿವರ 5 ವರ್ಷ ಇಟ್ಟುಕೊಳ್ಳಿ ಅಂತ ವಿಪಿಎನ್ ಕಂಪನಿಗಳಿಗೆ ಹೇಳಿತು. ಎಕ್ಸ್‌ಪ್ರೆಸ್‌ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್‌ವಿಪಿಎನ್ ಎಲ್ಲ ಇಲ್ಲಿಂದ ಸರ್ವರ್ ಕಿತ್ತುಕೊಂಡು ಹೋದವು.

ನನ್ನ ನಂಬಿಕೆ ಹೋದದ್ದು ಒಂದು ಬೇಸಿಗೆ ರಾತ್ರಿ. ಕರೆಂಟ್ ಹೋಯಿತು. ಕಂಪ್ಯೂಟರ್ ಯುಪಿಎಸ್ ಮೇಲಿತ್ತು, ರೌಟರ್ ಇರಲಿಲ್ಲ. ಹತ್ತು ನಿಮಿಷಕ್ಕೆ ಕರೆಂಟ್ ಬಂತು. ವಿಪಿಎನ್ ಆ್ಯಪ್ 'ಕನೆಕ್ಟಿಂಗ್' ಅಂತ ಸುತ್ತುತ್ತಲೇ ಇದೆ, ಇತ್ತ ಟೊರೆಂಟ್ ಇಳಿಸುವ ಆ್ಯಪ್ ಕ್ಯೂಬಿಟ್‌ಟೊರೆಂಟ್ ಆರಾಮಾಗಿ ಬರಿ ಲೈನಿನ ಮೇಲೆ ಓಡುತ್ತಿದೆ! ವಿಪಿಎನ್ ಬಿದ್ದರೆ ನೆಟ್ ಬಂದ್ ಮಾಡುವ ಕಿಲ್ ಸ್ವಿಚ್ ನನ್ನ ಆ್ಯಪ್‌ನಲ್ಲಿ ಮೊದಲಿಂದಲೇ ಆನ್ ಇರಲಿಲ್ಲ ಅಂತ ಆವತ್ತು ಗೊತ್ತಾಯಿತು. ಒಂದು ವರ್ಷದಿಂದ ಎಷ್ಟು ಸಲ ಹೀಗಾಗಿತ್ತೋ. ಆಮೇಲೆ ಕ್ಯೂಬಿಟ್‌ಟೊರೆಂಟ್‌ನ ಅಡ್ವಾನ್ಸ್ಡ್ ಸೆಟ್ಟಿಂಗ್‌ಗೆ ಹೋಗಿ ನೆಟ್‌ವರ್ಕ್ ಇಂಟರ್‌ಫೇಸ್ ಜಾಗದಲ್ಲಿ ವಿಪಿಎನ್‌ದನ್ನೇ ಆರಿಸಿಟ್ಟೆ. ಈಗ ವಿಪಿಎನ್ ಬಿದ್ದರೆ ಟೊರೆಂಟೂ ನಿಲ್ಲುತ್ತದೆ. ವಿಪಿಎನ್ ಇಟ್ಟುಕೊಂಡವರು ಮೊದಲು ಇದನ್ನು ಮಾಡಿ.

ಹಾಗಾದರೆ ದುಡ್ಡು ದಂಡವಾ? ಪೂರ್ತಿ ಅಲ್ಲ. ನಮ್ಮ ಓಣಿಯ ನೆಟ್‌ನವರು ಒಂದೇ ಪಬ್ಲಿಕ್ ಐಪಿಯನ್ನು ಹತ್ತಾರು ಮನೆಗೆ ಹಂಚುತ್ತಾರೆ. ರೌಟರ್‌ನಲ್ಲಿ ನೋಡಿದರೆ 100.64 ಅಂತ ಶುರುವಾಗುವ, ಹೀಗೆ ಹಂಚುವ ನೆಟ್‌ನವರು ಒಳಗೊಳಗೇ ಬಳಸುವ ವಿಳಾಸ. ಹೊರಗಿನವರು ತಾವಾಗಿ ನನ್ನನ್ನು ತಲುಪಲು ದಾರಿಯೇ ಇಲ್ಲ. ಅದಕ್ಕೇ ಇಳಿಸಿದ್ದನ್ನು ವಾಪಸ್ ಹಂಚೋಣ ಅಂದರೆ ದಿನಗಟ್ಟಲೆ ಸುಮ್ನೆ ಕೂತಿರುತ್ತಿತ್ತು. ಈ ವಿಪಿಎನ್‌ನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಇದೆ, ಹೊರಗಿನವರು ನನ್ನ ಕಂಪ್ಯೂಟರ್ ತಲುಪಲು ಅದು ಬಾಗಿಲು ತೆರೆದಿಡುತ್ತದೆ. ಅದನ್ನು ಹಾಕಿದ ದಿನ ಅಪ್ಪನ ಪುಸ್ತಕವೊಂದನ್ನು ಮೂರು ಜನ ನನ್ನಿಂದ ತೊಗೊಂಡರು. ಅಪ್ಪನಿಗೆ ಹೇಳಿದೆ. "ಯಾರಂತ?" ಅಂದರು. ಅದು ಗೊತ್ತಾಗಲ್ಲ ಅಂದೆ.

ಮೊನ್ನೆ ರಿನೀವಲ್ ಮೇಲ್ ಬಂತು. ಮೊದಲು ಕಟ್ಟಿದ್ದರ ಹೆಚ್ಚುಕಡಿಮೆ ಎರಡು ಪಟ್ಟು ರೇಟು! ಆಟೋ ರಿನೀವಲ್ ಬಂದ್ ಮಾಡಿದ್ದೇನೆ. ನನಗೊಬ್ಬನಿಗೇ ಅಂತ ಕೊಡುವ, ಬದಲಾಗದ ಸ್ಟ್ಯಾಟಿಕ್ ಐಪಿಗೆ ತಿಂಗಳಿಗೆ ಎಷ್ಟು ಅಂತ ಓಣಿಯ ನೆಟ್ ಹುಡುಗನನ್ನು ಕೇಳಿದ್ದೇನೆ. "ನಾಳೆ ಹೇಳ್ತೀನ್ರಿ ಅಣ್ಣಾ" ಅಂದಿದ್ದಾನೆ. ಎರಡು ವಾರ ಆಯಿತು.