ಕೇಬಲ್ಲೋ, ಪುಶ್‌ರಾಡೋ?

ಶೆಡ್‌ನಲ್ಲಿ ಸ್ವಂತ ವಿಮಾನ ಕಟ್ಟುತ್ತಿದ್ದೀರಿ. ಸ್ಟಿಕ್‌ನಿಂದ (ಪೈಲಟ್ ಹಿಡಿಯುವ ಕೋಲು) ಎಲಿವೇಟರ್‌ವರೆಗೆ (ಮೂತಿಯನ್ನು ಮೇಲೆ-ಕೆಳಗೆ ಮಾಡುವ ಬಾಲದ ರೆಕ್ಕೆ) ಕೇಬಲ್ ಎಳೆಯಬೇಕೋ, ಪುಶ್‌ರಾಡ್ (ತಳ್ಳಿ-ಎಳೆಯುವ ಗಟ್ಟಿ ಕೊಳವೆ) ಹಾಕಬೇಕೋ ಅಂತ ಕೇಳಿದ್ದೀರಿ.

ಮೊದಲು ದಾರಿ ನೋಡಿ. ಕೇಬಲ್ ಎಳೆಯಬಲ್ಲದು, ತಳ್ಳಲಾರದು. ಹಾಗಾಗಿ ಜೋಡಿ ಬೇಕು. ಆದರೆ ಪುಲ್ಲಿ (ರಾಟೆ) ಇಟ್ಟರೆ ಮೂಲೆಮೂಲೆಗೂ ತಿರುಗುತ್ತದೆ. ಪುಶ್‌ರಾಡ್‌ಗೆ ನೇರ ದಾರಿ ಬೇಕು, ತಿರುವಿಗೆ ಬೆಲ್‌ಕ್ರ್ಯಾಂಕ್ (ಚಲನೆಯ ದಿಕ್ಕು ಬದಲಿಸುವ ಸನ್ನೆ) ಬೇಕು. ಉದ್ದ ಜಾಸ್ತಿಯಾದರೆ ತಳ್ಳುವಾಗ ಬಾಗುವ ಅಪಾಯ. ಆಗ ದಪ್ಪ ಕೊಳವೆ, ಇಲ್ಲವೇ ನಡುವೆ ಆಸರೆ.

ಕೈಗೆ ಸಿಗುವ ಅನುಭವದಲ್ಲಿ ಪುಶ್‌ರಾಡ್ ನನಗೆ ಇಷ್ಟ. ಘರ್ಷಣೆ ಕಡಿಮೆ, ಸಡಿಲಿಕೆಯೂ ಕಡಿಮೆ. ಕೇಬಲ್‌ನ ಬಿಗಿ ಚಳಿ-ಬಿಸಿಲಿಗೆ ಬದಲಾಗುತ್ತದೆ.

ಕೆಲಸದ ವಿಷಯಕ್ಕೆ ಬಂದರೆ, ಎರಡಕ್ಕೂ ಎಚ್ಚರ ಬೇಕು. ಕೇಬಲ್ ತುದಿಯ ಕುಣಿಕೆ ಹಿಡಿಯುವ ತಾಮ್ರದ ಸ್ಲೀವ್ ಒತ್ತಿದ ಮೇಲೆ ಪ್ರತಿಯೊಂದನ್ನೂ ಗೇಜ್‌ನಿಂದ ಅಳೆಯಿರಿ. ಟರ್ನ್‌ಬಕಲ್‌ನ (ಕೇಬಲ್ ಬಿಗಿ ಹೊಂದಿಸುವ ತಿರುಪು) ಹೊರಗೆ 3 ಥ್ರೆಡ್‌ಗಿಂತ (ತಿರುಪಿನ ಸುತ್ತು) ಹೆಚ್ಚು ಕಾಣಬಾರದು. ಅದು ತಾನಾಗಿ ಬಿಚ್ಚದಂತೆ ಕಟ್ಟುವ ಸೇಫ್ಟಿ ವೈರ್ ಮರೆಯಬೇಡಿ. ಪುಶ್‌ರಾಡ್‌ನಲ್ಲಿ ರಾಡ್ ಎಂಡ್ (ತುದಿಗೆ ತಿರುಗಿಸಿ ಕೂರಿಸುವ ಬೇರಿಂಗ್ ಕೊಂಡಿ) ಸಾಕಷ್ಟು ಒಳಗೆ ಹೋಗಿರಬೇಕು, ಅದನ್ನು ಅಲುಗದಂತೆ ಹಿಡಿಯುವ ಜಾಮ್ ನಟ್ ಬಿಗಿಯಾಗಿರಬೇಕು. ಬೇರಿಂಗ್ ಕಿತ್ತರೂ ರಾಡ್ ಕಳಚದಂತೆ ಅಗಲದ ವಾಷರ್ ಹಾಕಿ. ಈ ಸಣ್ಣ ವಾಷರ್ ಜೀವ ಉಳಿಸಬಲ್ಲದು.

ತಪಾಸಣೆಗೆ, ಪುಲ್ಲಿ ಹತ್ತಿರ ಕೇಬಲ್ ಮೇಲೆ ಬಟ್ಟೆ ಎಳೆದರೆ ಮುರಿದ ಎಳೆ ಸಿಕ್ಕಿಕೊಳ್ಳುತ್ತದೆ. ಪುಶ್‌ರಾಡ್ ಕೊಳವೆಯ ಒಳಗಿನ ತುಕ್ಕು ಮಾತ್ರ ಹೊರಗೆ ಕಾಣುವುದಿಲ್ಲ.

ಕಿಟ್‌ನಿಂದ ಕಟ್ಟುವ ವ್ಯಾನ್ಸ್ ಆರ್‌ವಿ-7 ವಿಮಾನದಲ್ಲಿ ಏಲೆರಾನ್ (ವಿಮಾನ ವಾಲಿಸುವ ರೆಕ್ಕೆಯಂಚಿನ ಪಟ್ಟಿ), ಎಲಿವೇಟರ್‌ಗೆ ಪುಶ್‌ರಾಡ್, ರಡರ್‌ಗೆ (ಮೂತಿಯನ್ನು ಎಡ-ಬಲ ತಿರುಗಿಸುವ ಬಾಲದ ಭಾಗ) ಕೇಬಲ್. ವೇಗದ ಲೋಹದ ವಿಮಾನಕ್ಕೆ ಅದು ಸರಿ. ಪೀಟನ್‌ಪೋಲ್ ಏರ್ ಕ್ಯಾಂಪರ್‌ನಂಥ ನಿಧಾನದ, ಮರ-ಬಟ್ಟೆಯ ವಿಮಾನಕ್ಕೆ ಕೇಬಲ್ ಹಗುರ, ಅಗ್ಗ. ನಕ್ಷೆಯಲ್ಲಿ ಒಂದಿದ್ದು ನೀವು ಇನ್ನೊಂದಕ್ಕೆ ಬದಲಿಸುವುದಾದರೆ, ಮೊದಲು ವಿನ್ಯಾಸಕಾರರನ್ನು ಕೇಳಿ.