ಔಲಿ ಸ್ಕೀಯಿಂಗ್ ಪ್ಯಾಕೇಜ್‌ಗೆ ಮುಂಗಡ ಕೊಡುವ ಮುನ್ನ ಇದನ್ನು ಓದಿ

ನಿನ್ನೆ ಸಂಜೆ, ನಮ್ಮನ್ನು ಉತ್ತರಾಖಂಡದ ಔಲಿಗೆ ಕಳುಹಿಸಿದ್ದ ಪ್ರವಾಸ ಏಜೆಂಟ್‌ನ ವಾಟ್ಸ್ಆ್ಯಪ್ ಸ್ಟೇಟಸ್‌ನಲ್ಲಿ ನನ್ನ ಮಗನ ಫೋಟೋ ಕಂಡಿತು. ಕೆಂಪು ಜಾಕೆಟ್, ಕಾಲಿಗೆ ಸ್ಕೀ ಹಲಗೆ, ಅಡಿಯಲ್ಲಿ ಬೆಳ್ಳಗೆ ಹಿಮ. ಮೇಲೊಂದು ಸಾಲು: ‘ಔಲಿಯಲ್ಲಿ ನಮ್ಮ ಸಂತೃಪ್ತ ಗ್ರಾಹಕರು. ಮುಂದಿನ ತಂಡಕ್ಕೆ ಬುಕಿಂಗ್ ಆರಂಭ.’ ಅದು ನಾನೇ ಅವನಿಗೆ ಕಳುಹಿಸಿದ್ದ ಫೋಟೋ. ಹಿಮವೇ ಇಲ್ಲ, ನೋಡು ಎಂದು ದೂರಿಗೆ ಸಾಕ್ಷಿಯಾಗಿ ಕಳುಹಿಸಿದ್ದು! ಸುತ್ತ ಇದ್ದ ಒಣಹುಲ್ಲನ್ನೆಲ್ಲ ಕತ್ತರಿಸಿ, ನಡುವಿನ ಬಿಳಿಯನ್ನು ಮಾತ್ರ ಉಳಿಸಿಕೊಂಡಿದ್ದಾನೆ. ಆ ಬಿಳಿ ನಮ್ಮ ಕಾಫಿ ಕಣದ ಒಂದು ಮೂಲೆಯಷ್ಟೂ ಇರಲಿಲ್ಲ.

ಇದುವರೆಗೆ ನಾಚಿಕೆಯಿಂದ ಬಾಯಿ ಮುಚ್ಚಿಕೊಂಡಿದ್ದೆ. ಯಾಕೆಂದರೆ ನಾನೂ ಚಿಕ್ಕಮಗಳೂರಿನ ಹತ್ತಿರ ಮೂರು ಕೋಣೆಯ ಹೋಂಸ್ಟೇ ನಡೆಸುವವನು. ಏಪ್ರಿಲ್‌ನಲ್ಲಿ ಬಂದು ‘ಜಲಪಾತದಲ್ಲಿ ನೀರೇ ಇಲ್ಲವಲ್ಲ’ ಎನ್ನುವ ಬೆಂಗಳೂರಿನವರನ್ನು ನೋಡಿ ನಕ್ಕವನು. ಈಗ ನಾನೇ ಡಿಸೆಂಬರ್ ಮೊದಲ ವಾರ ಹಿಮ ಹುಡುಕಿಕೊಂಡು ಹಿಮಾಲಯಕ್ಕೆ ಹೋಗಿ ಬಂದೆ ಎಂದರೆ ಯಾರಿಗೆ ಹೇಳಲಿ?

ಏಜೆಂಟ್ ನಮ್ಮ ಊರಿನವನೇ, ಮುಖಪರಿಚಯವಿತ್ತು. ನಾಲ್ಕು ಜನಕ್ಕೆ ಒಂದು ಲಕ್ಷದ ಐವತ್ತನಾಲ್ಕು ಸಾವಿರ. ಜನವರಿಯಲ್ಲಾದರೆ ಇದರ ಒಂದೂವರೆ ಪಟ್ಟು ಎಂದ. ಹಿಮ ಬೀಳದಿದ್ದರೆ ಎಂದು ಕೇಳಿದೆ. ಕೇಳಿದ್ದೆ, ಖಂಡಿತ ಕೇಳಿದ್ದೆ. ‘ಅಣ್ಣಾ, ಅಲ್ಲಿ ಹಿಮ ಮಾಡುವ ಯಂತ್ರವೇ ಇದೆ. ಬೀಳದಿದ್ದರೂ ಮಾಡಿ ಹಾಸುತ್ತಾರೆ’ ಎಂದ. ಅಮ್ಮ ಪಕ್ಕದಲ್ಲೇ ಇದ್ದರು. ‘ಬದರಿ ಹತ್ತಿರವಂತಲ್ಲಪ್ಪಾ, ದರ್ಶನ ಆಗುತ್ತದೆಯೇ?’ ಎಂದರು. ‘ಆಗದೆ ಏನಮ್ಮಾ, ಮೂರನೆಯ ದಿನ ಅದಕ್ಕೇ ಇಟ್ಟಿದ್ದೇನೆ’ ಎಂದು ಅಲ್ಲೇ ಪೆನ್ನಿನಲ್ಲಿ ಬರೆದು ಕೊಟ್ಟ. ಅಮ್ಮ ಆ ಕಾಗದವನ್ನು ದೇವರ ಮುಂದೆ ಇಟ್ಟರು. ನಾನು ಮುಕ್ಕಾಲು ಪಾಲು ಹಣವನ್ನು ಯುಪಿಐಯಲ್ಲಿ ಕಳುಹಿಸಿದೆ. ಬಿಲ್ ಕೇಳಲಿಲ್ಲ. ಅರೇಬಿಕಾ ಕೊಯ್ಲಿನ ಹೊತ್ತು, ತೋಟವನ್ನು ಭಾವನಿಗೆ ಒಪ್ಪಿಸಿ ಹೊರಟೆವು.

ಡೆಹ್ರಾಡೂನ್‌ವರೆಗೆ ವಿಮಾನ, ಋಷಿಕೇಶದಿಂದ ಜೋಶಿಮಠಕ್ಕೆ ಸುಮಾರು 250 ಕಿಲೋಮೀಟರ್ ಘಟ್ಟದ ದಾರಿ. ದೇವಪ್ರಯಾಗ, ರುದ್ರಪ್ರಯಾಗ, ಕರ್ಣಪ್ರಯಾಗ ಎಂದು ಅಮ್ಮ ಕೈಮುಗಿಯುತ್ತಾ ಬಂದರು. ಅಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ.

ಸಂಜೆ ಕಾರು ಜೋಶಿಮಠದ ಪೇಟೆಯ ಒಂದು ಹೋಟೆಲಿನ ಮುಂದೆ ನಿಂತಿತು. ಔಲಿ ಇನ್ನೂ ಮೇಲೆ, ರಸ್ತೆಯಲ್ಲಿ ಹದಿನಾಲ್ಕು ಹದಿನೈದು ಕಿಲೋಮೀಟರ್. ಫೋನ್ ಮಾಡಿದೆ. ‘ಸಾರ್, ಔಲಿ ಎಂದರೂ ಜೋಶಿಮಠ ಎಂದರೂ ಒಂದೇ. ಬೆಳಿಗ್ಗೆ ರೋಪ್‌ವೇ ಹತ್ತಿದರೆ ನೇರ ಮೇಲೆ.’ ಗಮನಿಸಿ, ಮುಂಗಡ ಪಡೆಯುವವರೆಗೆ ನಾನು ಅಣ್ಣ. ಜೋಶಿಮಠ ತಲುಪಿದ ಮೇಲೆ ಸಾರ್.

ಬೆಳಿಗ್ಗೆ ನಾಲ್ವರೂ ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು, ಪ್ಯಾಕೇಜ್ ಕಾಗದ ಹಿಡಿದು ರೋಪ್‌ವೇ ನಿಲ್ದಾಣಕ್ಕೆ ಹೋದೆವು. ಗೇಟಿಗೆ ಬೀಗ. ಇನ್ನೂ ತೆರೆದಿಲ್ಲವೇನೋ ಎಂದು ಕಾದೆವು. ಅರ್ಧ ಗಂಟೆ ಕಾದೆವು! ಕೊನೆಗೆ ಅತ್ತ ಬಂದ ಒಬ್ಬ ಮುದುಕ, ಯಾಕೆ ನಿಂತಿದ್ದೀರಿ ಎಂದ. ಕಾಗದ ತೋರಿಸಿದೆ. ಊರಿನ ನೆಲ ಕುಸಿಯತೊಡಗಿದಾಗ, 2023ರ ಜನವರಿಯಲ್ಲೇ, ಇದು ನಿಂತುಹೋಯಿತು ಎಂದ. ಆತ ನಗಲಿಲ್ಲ. ಕಾಗದವನ್ನು ಮಡಚಿ ನನ್ನ ಕೈಗೇ ಕೊಟ್ಟ. ಜೋಶಿಮಠದ ಮನೆಗಳ ಗೋಡೆ ಬಿರುಕು ಬಿಟ್ಟದ್ದನ್ನು ಆಗ ನಾನೂ ಟಿವಿಯಲ್ಲಿ ದಿನಗಟ್ಟಲೆ ನೋಡಿದ್ದೆ. ಅದೇ ಊರು, ಅದೇ ರೋಪ್‌ವೇ. ಹಣ ಕಟ್ಟುವಾಗ ಒಮ್ಮೆಯೂ ಹೊಳೆಯಲಿಲ್ಲ. ಹೆಂಡತಿ ಏನೂ ಹೇಳಲಿಲ್ಲ, ನನ್ನನ್ನು ನೋಡಿದಳು ಅಷ್ಟೇ.

ಮತ್ತೆ ಫೋನ್. ಉತ್ತರವೇನು ಗೊತ್ತೇ? ‘ಹವಾಮಾನದ ಕಾರಣ ನಿಲ್ಲಿಸಿರಬಹುದು ಸಾರ್.’

ಎರಡೂವರೆ ಸಾವಿರ ಕೊಟ್ಟು ಬೇರೆ ಟ್ಯಾಕ್ಸಿಯಲ್ಲಿ ಮೇಲೆ ಹೋದೆವು. ನಂದಾದೇವಿ ಕಂಡಿತು, ಆಕಾಶ ಶುಭ್ರವಾಗಿತ್ತು, ಬಿಸಿಲು ಚುರುಗುಟ್ಟುತ್ತಿತ್ತು. ಇಳಿಜಾರಿನ ತುಂಬ ಕಂದು ಹುಲ್ಲು. ಹಿಮ ಮಾಡುವ ಯಂತ್ರಗಳಿಗೆ ನೀರು ಒದಗಿಸುವ ಕೃತಕ ಕೆರೆಯೂ ಅಲ್ಲೇ ಇದೆ, ಏಜೆಂಟ್ ಅಷ್ಟರ ಮಟ್ಟಿಗೆ ಸತ್ಯವನ್ನೇ ಹೇಳಿದ್ದ. ಆದರೆ ಗಾಳಿ ಸೊನ್ನೆ ಡಿಗ್ರಿಯ ಆಸುಪಾಸಿಗೂ ಇಳಿಯದೆ ಅಂಥ ಯಂತ್ರ ಹೇಗೆ ಹಿಮ ಮಾಡೀತು? ಸ್ಕೀಯಿಂಗ್ ಕಲಿಸುವ ಶಿಬಿರಗಳು ಸಾಮಾನ್ಯವಾಗಿ ಜನವರಿಯ ಮೇಲೆ, ಈಗ ಯಾಕೆ ಬಂದಿರಿ ಎಂದು ಚಹಾ ಅಂಗಡಿಯವನೇ ಕೇಳಿದ. ನೆರಳಿನ ಒಂದು ತಗ್ಗಿನಲ್ಲಿ ಹಳೆಯ ಹಿಮ ಗಟ್ಟಿಯಾಗಿ ಉಳಿದಿತ್ತು. ಇಬ್ಬರು ಹುಡುಗರು ಬೂಟು, ಹಲಗೆ ಇಟ್ಟುಕೊಂಡು ಕೂತಿದ್ದರು. ಐನೂರು ಕೊಟ್ಟು ಮಗ ನಿಂತ. ಜಾರಲಿಲ್ಲ, ಜಾರಲು ಜಾಗವಿರಲಿಲ್ಲ, ನಿಂತ. ಮೂರು ದಿನದ ಸ್ಕೀಯಿಂಗ್ ತರಬೇತಿ ಎಂದು ಕಾಗದದಲ್ಲಿ ಇದ್ದದ್ದು ಇದು. ಸ್ಟೇಟಸ್‌ನಲ್ಲಿರುವ ಫೋಟೋ ಇದೇ.

ಮೂರನೆಯ ದಿನ ಅಮ್ಮ ನಸುಕಿಗೇ ಸ್ನಾನ ಮಾಡಿ ಸೀರೆಯುಟ್ಟು ಸಿದ್ಧರಾಗಿದ್ದರು. ಬದರಿಗೆ ಹೊರಡೋಣ ಎಂದಾಗ ಚಾಲಕ ನನ್ನನ್ನು ಪಕ್ಕಕ್ಕೆ ಕರೆದ. ಬದರೀನಾಥನ ಬಾಗಿಲು ನವೆಂಬರ್‌ನಲ್ಲೇ ಮುಚ್ಚಿದೆ, ಇನ್ನು ತೆರೆಯುವುದು ಬೇಸಿಗೆಗೆ. ಪ್ರತಿ ವರ್ಷವೂ ಹೀಗೆಯೇ. ಇದನ್ನು ಅಮ್ಮನಿಗೆ ನಾನು ಹೇಳಬೇಕಿತ್ತು. ಹೇಳಿದೆ. ‘ಹಾಗಾದರೆ ಆ ಹುಡುಗ ಬರೆದುಕೊಟ್ಟನಲ್ಲೋ’ ಎಂದರು. ಜೋಶಿಮಠದ ನರಸಿಂಹ ದೇವಸ್ಥಾನಕ್ಕೆ ಕರೆದುಕೊಂಡು ಹೋದೆ. ಚಳಿಗಾಲದಲ್ಲಿ ಬದರಿಯ ಶಂಕರಾಚಾರ್ಯ ಗದ್ದುಗೆ ಬಂದು ಕೂರುವುದು ಅಲ್ಲಿಯೇ. ನಮ್ಮ ಶೃಂಗೇರಿಯ ಹಾಗೆ ಇದೂ ಶಂಕರರ ನಾಲ್ಕು ಪೀಠಗಳಲ್ಲಿ ಒಂದಿರುವ ಊರು ಎಂದು ಸಮಾಧಾನ ಹೇಳಿದೆ. ‘ಶೃಂಗೇರಿಗೆ ಮನೆಯಿಂದಲೇ ಹೋಗಬಹುದಿತ್ತು’ ಎಂದರು. ತಪ್ಪೇನಿಲ್ಲ.

ಆ ರಾತ್ರಿ ಮೋಡ ಕವಿಯಿತು. ಹೊರಡುವ ದಿನ ಬೆಳಿಗ್ಗೆ ಕಿಟಕಿ ತೆರೆದರೆ ಮೇಲಿನ ಗುಡ್ಡವೆಲ್ಲ ಬೆಳ್ಳಗೆ! ಮಗ ಕುಣಿದ. ಆದರೆ ಚಕ್ರಕ್ಕೆ ಕಟ್ಟುವ ಸರಪಳಿ ಕಾರಿನಲ್ಲಿರಲಿಲ್ಲ, ಮೇಲಿನ ರಸ್ತೆ ಜಾರುತ್ತದೆ, ಬರುವುದಿಲ್ಲ ಎಂದ ಚಾಲಕ. ಅವನು ಹೇಳಿದ್ದೂ ಸರಿಯೇ. ಹಿಮವನ್ನು ಕಿಟಕಿಯಿಂದ ನೋಡಿ ಇಳಿದು ಬಂದೆವು.

ಊರಿಗೆ ಬಂದು ಹಣ ವಾಪಸ್ ಕೇಳಿದರೆ ಒಂದೇ ಪಲ್ಲವಿ. ‘ಹಿಮ ನನ್ನ ಕೈಯಲ್ಲಿದೆಯೇ ಸಾರ್? ನಿಮ್ಮ ಹೋಂಸ್ಟೇಯಲ್ಲಿ ಮಳೆ ಬಂದರೆ ನೀವು ಹಣ ಕೊಡುತ್ತೀರಾ?’ ಈ ಮಾತು ನನ್ನನ್ನು ಎರಡು ದಿನ ಸುಮ್ಮನಾಗಿಸಿತು, ಯಾಕೆಂದರೆ ಅತಿಥಿಗಳಿಗೆ ನಾನೂ ಅದನ್ನೇ ಹೇಳುತ್ತೇನೆ. ಆಮೇಲೆ ಸಿಟ್ಟು ಇಮ್ಮಡಿಯಾಯಿತು. ಹಿಮ ಬೀಳದ್ದು ಹವಾಮಾನ, ಒಪ್ಪಿದೆ. ವರ್ಷಗಳಿಂದ ನಿಂತಿರುವ ರೋಪ್‌ವೇಯೂ ಹವಾಮಾನವೇ? ನವೆಂಬರ್‌ನಲ್ಲಿ ಮುಚ್ಚಿದ ಬದರಿಯೂ ಹವಾಮಾನವೇ? ಜೋಶಿಮಠದ ಹೋಟೆಲನ್ನು ಔಲಿಯ ರೆಸಾರ್ಟ್ ಎಂದು ಮಾರಿದ್ದೂ ಹವಾಮಾನವೇ? ಇದನ್ನೇ ಬರೆದು ಕಳುಹಿಸಿದೆ. ಎರಡು ನೀಲಿ ಗೆರೆ ಬಂದವು. ಉತ್ತರ ಬರಲಿಲ್ಲ. ನಾಲ್ಕನೆಯ ದಿನ ‘ಪ್ರೀತಿಯಿಂದ’ ಎಂದು ಆರು ಸಾವಿರ ಹಾಕಿದ, ಉಳಿದದ್ದನ್ನು ಮುಂದಿನ ಪ್ರವಾಸದಲ್ಲಿ ಹೊಂದಿಸೋಣ ಎಂದ. ಮುಂದಿನ ಪ್ರವಾಸವಂತೆ!

ಹೋಗುವವರು ಹೋಗಿ, ಔಲಿ ಕೆಟ್ಟ ಜಾಗವಲ್ಲ. ಜನವರಿ ಕೊನೆಯಲ್ಲೋ ಫೆಬ್ರವರಿಯಲ್ಲೋ ಹೋಗಿ. ಮುಂಗಡ ಕೊಡುವ ಮುನ್ನ ಅಲ್ಲಿನ ಯಾವುದಾದರೂ ಹೋಟೆಲಿಗೆ ನೀವೇ ಫೋನ್ ಮಾಡಿ ಹಿಮ ಇದೆಯೇ, ರೋಪ್‌ವೇ ನಡೆಯುತ್ತಿದೆಯೇ ಎಂದು ಕೇಳಿ, ಐದು ನಿಮಿಷದ ಕೆಲಸ. ಪೆನ್ನಿನಲ್ಲಿ ಬರೆದುಕೊಟ್ಟದ್ದನ್ನು ನಂಬಬೇಡಿ, ಬಿಲ್ ಇಲ್ಲದೆ ಒಂದು ರೂಪಾಯಿಯನ್ನೂ ಕಳುಹಿಸಬೇಡಿ. ನಾನು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಜಿಲ್ಲಾ ಗ್ರಾಹಕರ ಆಯೋಗಕ್ಕೂ ಅರ್ಜಿ ಸಿದ್ಧವಾಗುತ್ತಿದೆ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ. ಅಮ್ಮ ದೇವರ ಮುಂದೆ ಇಟ್ಟಿದ್ದ ಆ ಕಾಗದವೇ ಈಗ ನನ್ನ ಮೊದಲ ದಾಖಲೆ.

ಆರು ಸಾವಿರವನ್ನು ವಾಪಸ್ ಹಾಕಿದ್ದೇನೆ. ಫೋಟೋ ತೆಗೆಯಲು ನಿನ್ನೆ ರಾತ್ರಿಯೇ ಹೇಳಿದೆ. ಇದನ್ನು ಬರೆಯುವ ಹೊತ್ತಿಗೂ ತೆಗೆದಿಲ್ಲ.