ತೆರೆ ಮಂಕಾಗಿದ್ದರೆ ಸಿನಿಮಾವನ್ನು ಬೈಯಬೇಡಿ

ತ್ರೀಡಿ, ಟೂಡಿ ಎರಡನ್ನೂ ಹಾಕುವ ಸ್ಕ್ರೀನ್‌ಗೆ ಟಿಕೆಟ್ ತೆಗೆಯುವವರು ದಯವಿಟ್ಟು ಇದನ್ನು ಓದಿಕೊಂಡು ಹೋಗಿ. ಈಚೆಗೆ ಅಂಥ ಒಂದು ಸ್ಕ್ರೀನ್‌ನಲ್ಲಿ ನೋಡಿದ ಒಳ್ಳೆಯ ಥ್ರಿಲ್ಲರ್ ಒಂದು ನನ್ನ ಪಾಲಿಗೆ ಪೂರ್ತಿ ಹಾಳಾಯಿತು. ತಪ್ಪು ಸಿನಿಮಾದವರದಲ್ಲ, ಪ್ರೊಜೆಕ್ಟರ್ ನೋಡಿಕೊಳ್ಳಬೇಕಾದವರದು.

ಕಥೆಯ ಬಹುಪಾಲು ನಡೆಯುವುದು ರಾತ್ರಿಯಲ್ಲಿ. ಕೊನೆಯ ಹೊತ್ತಿಗೆ ನಾಯಕಿ ಒಂದು ಹಳೆಯ ಪೆಟ್ಟಿಗೆ ತೆರೆದು ಏನನ್ನೋ ಕೈಗೆತ್ತಿಕೊಳ್ಳುತ್ತಾಳೆ. ಸಂಗೀತ ನಿಲ್ಲುತ್ತದೆ, ಅವಳ ಉಸಿರು ಮಾತ್ರ ಕೇಳುತ್ತದೆ, ಆಮೇಲೆ ಅವಳು ಮನೆ ಬಿಟ್ಟು ಓಡುತ್ತಾಳೆ. ಅವಳ ಕೈಯಲ್ಲಿದ್ದದ್ದು ಏನು? ಕಣ್ಣು ಕಿರಿದು ಮಾಡಿ ನೋಡಿದರೂ ನಮಗೆ ಕಂಡದ್ದು ಬೂದು ಬಣ್ಣದ ಒಂದು ಗುಪ್ಪೆ. ಅದು ಗೊತ್ತಾಗದೆ ಮುಂದಿನದ್ದೆಲ್ಲ ಅರ್ಥವೇ ಆಗಲಿಲ್ಲ. ಹೊರಗೆ ಬರುವಾಗ ಎಲ್ಲರ ಬಾಯಲ್ಲೂ ಒಂದೇ ಮಾತು: "ಏನೂ ಕಾಣ್ಸಲ್ಲ, ಕ್ಲೈಮ್ಯಾಕ್ಸ್‌ಗೆ ತಲೆಬುಡ ಇಲ್ಲ."

ಅದೇ ಸಿನಿಮಾವನ್ನು ಆಮೇಲೆ ಬೇರೆ ಥಿಯೇಟರ್‌ನಲ್ಲಿ ನೋಡಿದೆ. ಪೆಟ್ಟಿಗೆಯಲ್ಲಿದ್ದದ್ದು ಒಂದು ಮಗುವಿನ ಕೈಗಡಿಯಾರ. ಗಾಜು ಸೀಳಿದೆ, ಕಿತ್ತುಹೋದ ಪಟ್ಟಿಯನ್ನು ಕೆಂಪು ದಾರದಿಂದ ಹೊಲಿದಿದ್ದಾರೆ. ಆ ಕೆಂಪು ದಾರ ಸಿನಿಮಾದ ಮೊದಲ ಭಾಗದಲ್ಲೇ ಒಬ್ಬನ ಬೆರಳಲ್ಲಿ ಸುತ್ತಿಕೊಂಡಿರುತ್ತದೆ! ಛಾಯಾಗ್ರಾಹಕರು ದೀಪದ ಬೆಳಕು ಆ ದಾರದ ಮೇಲಷ್ಟೇ ಬೀಳುವ ಹಾಗೆ ಎಷ್ಟು ಜತನದಿಂದ ತೆಗೆದಿದ್ದಾರೆ ಎಂದರೆ, ಅದು ಕಾಣದೆ ಹೋದವರ ಬಗ್ಗೆ ನನಗೆ ನಿಜಕ್ಕೂ ಸಂಕಟವಾಯಿತು. ಅವರಲ್ಲಿ ಎಷ್ಟು ಜನ ಹೋಗಿ ಇನ್ನೊಮ್ಮೆ ನೋಡಿಯಾರು?

ಮೊದಲ ಥಿಯೇಟರ್‌ನಲ್ಲಿ ಆದದ್ದು ಇಷ್ಟು. ತ್ರೀಡಿ ಶೋಗೆ ಹಾಕಿದ್ದ ಲೆನ್ಸನ್ನು ತೆಗೆಯದೆ ಹಾಗೇ ಟೂಡಿ ಸಿನಿಮಾ ಓಡಿಸಿದ್ದರು. ತಲೆ ತಿರುಗಿಸಿ ಮೇಲೆ ಪ್ರೊಜೆಕ್ಟರ್ ಕಿಂಡಿಯತ್ತ ನೋಡಿದರೆ ಒಂದರ ಮೇಲೊಂದು ಎರಡು ಬೆಳಕಿನ ಕಿರಣ ಬರುತ್ತಿತ್ತು. ಕೆಲವು ಬಗೆಯ ಪ್ರೊಜೆಕ್ಟರ್‌ಗಳಲ್ಲಿ ಇದೇ ಗುರುತು: ಟೂಡಿ ಶೋನಲ್ಲಿ ಎರಡು ಕಿರಣ ಕಂಡರೆ ತ್ರೀಡಿ ಲೆನ್ಸ್ ಇನ್ನೂ ಅಲ್ಲೇ ಇದೆ. ಆ ಲೆನ್ಸ್‌ನ ಮುಂದೆ, ಎರಡು ಕಣ್ಣಿಗೂ ಬೇರೆಬೇರೆ ಚಿತ್ರ ಮುಟ್ಟುವಂತೆ ಬೆಳಕನ್ನು ಸೋಸುವ ಪೋಲರೈಸಿಂಗ್ ಫಿಲ್ಟರ್ ಇರುತ್ತದೆ. ಅದು ಅರ್ಧಕ್ಕಿಂತ ಹೆಚ್ಚು ಬೆಳಕನ್ನು ನುಂಗಿಬಿಡುತ್ತದೆ.

ಡಿಜಿಟಲ್ ಸಿನಿಮಾದ ಮಾನದಂಡದಂತೆ ಟೂಡಿ ಚಿತ್ರಕ್ಕೆ ತೆರೆಯ ನಡುವೆ ಚದರ ಮೀಟರ್‌ಗೆ 48 ಕ್ಯಾಂಡೆಲಾ ಬೆಳಕು ಇರಬೇಕು. ಹಳಬರ ಲೆಕ್ಕದಲ್ಲಿ 14 ಫುಟ್‌ಲ್ಯಾಂಬರ್ಟ್. ಸ್ಟುಡಿಯೋದಲ್ಲಿ ಕೂತು ಪ್ರತಿ ಶಾಟ್‌ನ ಬಣ್ಣ, ನೆರಳು ಹೊಂದಿಸುವವರು ಅಷ್ಟೇ ಬೆಳಕಿನ ತೆರೆಯ ಮೇಲೆ ನೋಡಿ ಹೊಂದಿಸಿರುತ್ತಾರೆ. ಬೆಳಕು ಅರ್ಧಕ್ಕೆ ಇಳಿದರೆ ಹಗಲಿನ ದೃಶ್ಯ ಹೇಗೋ ನಡೆದೀತು, ರಾತ್ರಿಯ ದೃಶ್ಯ ಸತ್ತೇ ಹೋಗುತ್ತದೆ. ಪ್ರೊಜೆಕ್ಟರ್‌ನ ಕ್ಸೆನಾನ್ ದೀಪವೂ ಹಳೆಯದಾದಂತೆ ಮಂಕಾಗುತ್ತಾ ಬರುತ್ತದೆ. ಹೊತ್ತಿಗೆ ಸರಿಯಾಗಿ ಬದಲಿಸದ ಕಡೆ ಲೆನ್ಸ್ ಸರಿಯಿದ್ದರೂ ಇದೇ ಗತಿ.

ಇನ್ನೊಂದು ವಿಷಯ ಬಹಳ ಜನಕ್ಕೆ ತಿಳಿದಿಲ್ಲ. ಇಂಥ ಫಿಲ್ಟರ್ ಬಳಸಿ ತ್ರೀಡಿ (ಪೋಲರೈಸ್ಡ್ ತ್ರೀಡಿ) ತೋರಿಸುವ ಕಡೆ ಬಿಳಿ ತೆರೆಯ ಬದಲು ಬೆಳ್ಳಿ ಲೇಪದ ತೆರೆ ಇರುತ್ತದೆ. ಅದು ಬೆಳಕನ್ನು ಎಲ್ಲ ಕಡೆಗೂ ಸಮನಾಗಿ ಹರಡುವುದಿಲ್ಲ. ನಡುವೆ ಕೂತವರಿಗೆ ಹೊಳಪು, ಪಕ್ಕದ ತುದಿಯಲ್ಲಿ ಕೂತವರಿಗೆ ಮಬ್ಬು. ಅಂಥ ಸ್ಕ್ರೀನ್‌ನಲ್ಲಿ ಮೂಲೆಯ ಸೀಟು ತೆಗೆದುಕೊಳ್ಳಲೇಬೇಡಿ.

ನಾನು ಎದ್ದು ಹೋಗಿ ಅಲ್ಲಿನ ಸಿಬ್ಬಂದಿಗೆ ಹೇಳಿದೆ. ಬಂದ ಉತ್ತರ: "ಸಿನಿಮಾನೇ ಹಾಗಿದೆ ಸರ್." ಪ್ರೊಜೆಕ್ಟರ್ ರೂಮಿನಲ್ಲಿ ಯಾರಿದ್ದಾರೆ ಎಂದು ಕೇಳಿದರೆ ಯಾರೂ ಇಲ್ಲ. ಈಗ ಜಾಹೀರಾತು, ಟ್ರೈಲರ್, ಸಿನಿಮಾ ಎಲ್ಲವೂ ಸರ್ವರ್‌ನಲ್ಲಿ ಮೊದಲೇ ಹಾಕಿಟ್ಟ ಪ್ಲೇಲಿಸ್ಟ್‌ನಂತೆ ತಾನಾಗಿ ಓಡುತ್ತವೆ. ರೀಲಿನ ಕಾಲದಲ್ಲಿ ಫೋಕಸ್ ತುಸು ತಪ್ಪಿದರೆ ಸರಿಮಾಡಲು ಆಪರೇಟರ್ ಒಬ್ಬರು ಪಕ್ಕದಲ್ಲೇ ಇರುತ್ತಿದ್ದರು. ಈಗ ಪ್ರೇಕ್ಷಕರು ಎದ್ದು ಹೇಳದಿದ್ದರೆ ತಪ್ಪು ಯಾರ ಕಣ್ಣಿಗೂ ಬೀಳದೆ ಮುಂದಿನ ಶೋಗೂ ಹಾಗೇ ದಾಟುತ್ತದೆ.

ಈ ನಡುವೆ ನೋಡಿದ ಒಂದು ಕೌಟುಂಬಿಕ ಚಿತ್ರದಲ್ಲಿ ಇದೇ ಕಥೆ ಸದ್ದಿನ ರೂಪದಲ್ಲಿ ಎದುರಾಯಿತು. ಹಿನ್ನೆಲೆ ಸಂಗೀತ ಎದೆಗೆ ಬಡಿಯುತ್ತಿದೆ, ಅಪ್ಪ ಮಗಳ ಮಾತು ಮಾತ್ರ ಬಾವಿಯೊಳಗಿಂದ ಬಂದಂತಿದೆ. ಸಾಮಾನ್ಯವಾಗಿ ಮಾತು ಬರುವುದು ತೆರೆಯ ಹಿಂದೆ ನಡುವಿನಲ್ಲಿರುವ ಸ್ಪೀಕರ್‌ನಿಂದ. ಅದೊಂದು ಕೆಟ್ಟರೆ ಉಳಿದದ್ದೆಲ್ಲ ಸರಿಯಾಗಿ ಕೇಳುವುದರಿಂದ ಜನ ನಟರ ಉಚ್ಚಾರಣೆಯನ್ನೇ ದೂರುತ್ತಾರೆ. ಅಲ್ಲೂ ಹಾಗೇ ಆಯಿತು. ಅಷ್ಟು ಚೆನ್ನಾಗಿ ನಟಿಸಿದ ಆ ಹುಡುಗಿಯನ್ನು "ಮಾತೇ ಸ್ಪಷ್ಟವಿಲ್ಲ" ಎಂದು ಒಬ್ಬರು ಅಂದದ್ದು ಕೇಳಿ ಬೇಸರವಾಯಿತು.

ಆದ್ದರಿಂದ ಮೊದಲ ಹತ್ತು ನಿಮಿಷ ಕಣ್ಣು, ಕಿವಿ ಎರಡೂ ಚುರುಕಾಗಿರಲಿ. ಕಪ್ಪು ಕೂದಲಿನ ಎಳೆಗಳು ಬೇರೆಬೇರೆಯಾಗಿ ಕಾಣುತ್ತಿವೆಯೇ, ಬಿಳಿ ಬಟ್ಟೆ ಬಿಳಿಯಾಗಿಯೇ ಇದೆಯೇ ನೋಡಿ. ಸಬ್‌ಟೈಟಲ್‌ನ ಕೆಳಸಾಲು ತೆರೆಯಿಂದ ಹೊರಗೆ ಹೋಗಿದ್ದರೆ ಅಥವಾ ಪಾತ್ರಗಳ ತಲೆ ಕತ್ತರಿಸಿದ್ದರೆ ಪ್ರೊಜೆಕ್ಟರ್‌ನಲ್ಲಿ ಚಿತ್ರದ ಅಳತೆಯ ಆಯ್ಕೆಯೇ ತಪ್ಪಿದೆ ಎಂದರ್ಥ. ಇದನ್ನು ನಿಮಿಷದಲ್ಲಿ ಸರಿಮಾಡಬಹುದು.

ದೂರು ಹೇಳುವಾಗ "ಚೆನ್ನಾಗಿ ಕಾಣ್ತಿಲ್ಲ" ಎಂದರೆ "ಸಿನಿಮಾನೇ ಹಾಗಿದೆ" ಅನ್ನುತ್ತಾರೆ. "ತ್ರೀಡಿ ಲೆನ್ಸ್ ತೆಗೆದಿದ್ದೀರಾ ನೋಡಿ", "ನಡುವಿನ ಸ್ಪೀಕರ್ ಕೆಲಸ ಮಾಡ್ತಿದೆಯಾ ನೋಡಿ" ಎಂದು ನೇರವಾಗಿ ಕೇಳಿ. ಅವರಿಗೆ ಗೊತ್ತಾಗದಿದ್ದರೆ ಮ್ಯಾನೇಜರ್‌ನ ಕರೆಸಿ. ಸರಿಮಾಡಲು ಆಗದು ಎಂದರೆ ದುಡ್ಡು ವಾಪಸ್ ಕೇಳಿ ಅಲ್ಲಿಂದಲೇ ಎದ್ದು ಬನ್ನಿ. ಸಿನಿಮಾ ಪೂರ್ತಿ ನೋಡಿ ಮುಗಿಸಿದ ಮೇಲೆ ಕೇಳಿದರೆ ನನಗೆ ಸಿಕ್ಕಿದ ಹಾಗೆ "ನೋಡಿದ್ರಲ್ಲ ಸರ್" ಎಂಬ ಉತ್ತರವೇ ಸಿಗುತ್ತದೆ.